ಇಂಗ್ಲಿಷಿನಾಗ ‘ರಿ’ ಎಲ್ಲಿ ಅದ?

ನೀವು ಮೈಸೂರು ಕಡಿಯವರು, ನಮ್ಮ ಬೀದರಿನ ಮಂದಿಗೆ ಇಂಗ್ಲಿಷ್ ಯಾಕ ತ್ರಾಸು ಅಂತ ಕೇಳಿದ್ರಿ. ಕೇಳಿದ್ದು ಬರೋಬ್ಬರ್ ಅದ. ಬೀದರ್ ಬಸ್ ಸ್ಟ್ಯಾಂಡಿನಾಗ ಹತ್ತು ನಿಮಿಷ ನಿಂತ್ರ ನಾಕು ಭಾಷಾ ಕಿವಿಗೆ ಬೀಳ್ತಾವ: ಔರಾದ್ ಕಡಿಯವರ ಮರಾಠಿ, ಜಹೀರಾಬಾದ್ ಕಡಿಯವರ ತೆಲುಗು, ಚಹಾದಂಗಡಿಯ ದಖನಿ (ನಮ್ಮ ಕಡಿ ಆಡೋ ಉರ್ದು), ನಮ್ಮ ಕನ್ನಡ. ಇಷ್ಟು ಬಂದವರಿಗೆ ಇಂಗ್ಲಿಷ್ ಯಾಕ ತ್ರಾಸು?

ಸಂಜೀ ಹೊತ್ತು ಮನ್ಯಾಗ ಕಾಲೇಜ್ ಹುಡುಗರಿಗೆ ಇಂಗ್ಲಿಷ್ ಹೇಳಿಕೊಡ್ತೀನಿ, ಅದಕ್ಕ ನನಗ ತಿಳಿದಷ್ಟು ಹೇಳ್ತೀನಿ. ಆ ನಾಕು ಭಾಷಾ ನಾವು ಕಲಿತದ್ದು ಸಂತ್ಯಾಗ, ಮದುವ್ಯಾಗ, ಜಗಳದಾಗ. ದಖನಿಯ ‘ನಕ್ಕೊ’ ಅಂದ್ರ ‘ಬ್ಯಾಡ’ ಅಂತ ನನಗ ಯಾರೂ ಪಾಠ ಮಾಡಲಿಲ್ಲ. ಎರಡನೇ ಕಪ್ಪು ಚಹಾಕ್ಕ ಕೈ ಅಡ್ಡ ಹಿಡಿದವರನ್ನ ನೋಡಿ ತಿಳೀತು. ಇಂಗ್ಲಿಷ್ ಮಾತ್ರ ಗೈಡಿನಿಂದ ಬಂತು. 1948ರ ತನಕ ಇದು ನಿಜಾಮನ ರಾಜ್ಯ, ಕಚೇರಿ ಎಲ್ಲಾ ಉರ್ದು. ಮೈಸೂರು ರಾಜ್ಯಕ್ಕ ಸೇರಿದ್ದು 1956ರಾಗ. ನಮ್ಮಜ್ಜ ಸಾಲ್ಯಾಗ ಉರ್ದು ಓದಿದವ. ನಮ್ಮ ಮನ್ಯಾಗ ಇಂಗ್ಲಿಷ್ ಹೊಸ್ತಿಲ ದಾಟಿದ್ದೇ ನನ್ನ ಕಾಲಕ್ಕ.

ಆದ್ರ ಖರೆ ತೊಡಕು ‘ರಿ’ದು. ಬರ್ರಿ, ಕೂಡ್ರಿ, ನೀರು ಕೊಡ್ರಿ ಅಂದ್ರ ನಮ್ಮಲ್ಲಿ ಮರ್ಯಾದಿ ಮುಗೀತು. ಹುಡುಗರು ಇಂಗ್ಲಿಷಿನಾಗೂ ಆ ‘ರಿ’ ಹುಡುಕ್ತಾರ, ಸಿಗಲಿಲ್ಲಂದ್ರ ಹಿಂದೊಂದು ಮುಂದೊಂದು ‘ಸರ್’ ಹಚ್ತಾರ: “ಸರ್, ಗಿವ್ ಮಿ ವಾಟರ್ ಸರ್.” ಇಂಗ್ಲಿಷಿನವರು ಮರ್ಯಾದಿಯನ್ನ ಕ್ರಿಯಾಪದದಾಗ ಮುಚ್ಚಿಟ್ಟಾರ. ‘ಕ್ಯಾನ್’ ಬಿಟ್ಟು ‘ಕುಡ್’, ‘ವಿಲ್’ ಬಿಟ್ಟು ‘ವುಡ್’. “ಐ ವಾಸ್ ವಂಡರಿಂಗ್” ಅಂತ ಹೇಳಿಕೊಟ್ಟಾಗ ಒಬ್ಬಾಕಿ ಕೇಳಿದಳು, “ಸರ, ‘ವಾಸ್’ ಅಂದ್ರ ಆಗಿಹೋದದ್ದು. ನಾ ಈಗ ಕೇಳಾಕತ್ತೀನಲ್ರಿ?” ಆಗಿಹೋದ ಕಾಲದ ರೂಪ ಹಚ್ಚಿದ್ರ ನಾಕು ಹೆಜ್ಜಿ ದೂರ ನಿಂತು, ಕೈ ಕಟ್ಟಿಕೊಂಡು ಕೇಳಿದಂಗ ಅಂದೆ. ಆಕಿ ಪೂರಾ ಒಪ್ಪಲಿಲ್ಲ.

ನಂದೇ ಒಂದು ಪಜೀತಿ ಹೇಳ್ತೀನಿ. ಹೈದರಾಬಾದ್ ರೈಲಿನಾಗ ಬಾಜೂ ಸೀಟು ಖಾಲಿ ಇತ್ತು. ಒಬ್ಬ ಬಂದು “ವುಡ್ ಯು ಮೈಂಡ್ ಇಫ್ ಐ ಸಿಟ್ ಹಿಯರ್?” ಅಂದ. ನಾನು ದೊಡ್ಡ ಮನಸು ಮಾಡಿ, “ಯೆಸ್, ಯೆಸ್!” ಅಂದೆ. ಪಾಪ, ವಿಕಾರಾಬಾದ್ ತನಕ ನಿಂತೇ ಬಂದ. ಅವ ಕೇಳಿದ್ದು ‘ನಿಮಗ ಅಡಚಣಿ ಏನ್ರಿ?’ ಅಂತ, ನಾ ‘ಹೌದು’ ಅಂದಿದ್ದೆ.

ಇದರ ತಮ್ಮ ಇನ್ನೊಂದದ. “ಊಟ ಆಗಿಲ್ಲೇನು?” ಅಂದ್ರ ನಾವು “ಹೌದ್ರಿ, ಆಗಿಲ್ಲ” ಅಂತೀವಿ, ಕೇಳಿದವರ ಮಾತಿಗೆ ಹೌದು ಅನ್ನೋದು ನಮ್ಮ ರೀತಿ. ಇಂಗ್ಲಿಷಿನಾಗ ಅಲ್ಲಿ ‘ನೋ’ ಬರಬೇಕು, ಅದು ಊಟದ ಲೆಕ್ಕ ನೋಡ್ತದ, ಕೇಳಿದವರ ಮಾತಿಂದಲ್ಲ. ಈ ಒಂದನ್ನ ಬಾಯಿಗೆ ತರಾಕ ತಿಂಗಳು ಹಿಡೀತದ. ‘ಐ ಆ್ಯಮ್ ಅಫ್ರೇಡ್’ ಅಂದ್ರ ಅಂಜಿಕಿ ಅಲ್ಲ, ‘ಬ್ಯಾಸರ ಮಾಡ್ಕೋಬ್ಯಾಡ್ರಿ’ ಅನ್ನೋ ಥರಾ, ಅನ್ನೋದು ಒಂದೇ ದಿನಕ್ಕ ತಿಳೀತದ.

‘ಹೆಲ್ಪ್ ಯುವರ್‌ಸೆಲ್ಫ್’ ಮಾತ್ರ ಹುಡುಗರಿಗೆ ಅರ್ಥ ಆದ್ರೂ ಒಗ್ಗಂಗಿಲ್ಲ. ಎಳ್ಳ ಅಮಾಸಿಗೆ ಹೊಲದಾಗ ದಾರೀಲಿ ಹೋಗೋರನ್ನೂ ಕರೆದು ಕೂಡಿಸಿ, ಭಜ್ಜಿ ರೊಟ್ಟಿ ಸಾಕು ಸಾಕು ಅಂದ್ರೂ ಬಡಿಸೋ ಊರು ಇದು. ಬೀಗರಿಗೆ “ನೀವ ಹಾಕ್ಕೊಳ್ರಿ” ಅಂದು ನೋಡ್ರಿ, ಸಂಬಂಧ ಉಳೀತದೇನು?

ಒಂದು ತಪ್ಪು ಮಾತ್ರ ನಾ ತಿದ್ದೋದು ಬಿಟ್ಟೀನಿ. ಪಾಠ ಮುಗಿಸಿ ಚಪ್ಪಲಿ ಮೆಟ್ಟುವಾಗ ಹುಡುಗರು “ಸರ, ಐ ಆ್ಯಮ್ ಕಮಿಂಗ್” ಅಂತಾರ. ನಮ್ಮ ‘ಬರ್ತೀನ್ರಿ’ ಅದು. ಮೊದಲು ‘ಗೋಯಿಂಗ್’ ಅನಬೇಕು ಅಂತ ತಿದ್ದುತ್ತಿದ್ದೆ. ಆದ್ರ ಕಟ್ಟಿ ಮ್ಯಾಲ ನಮ್ಮವ್ವ ಕೂತಿರ್ತಾಳ, ‘ಗೋ’ ಅಂದ್ರ ಹೋಗು ಅನ್ನೋವಷ್ಟು ಇಂಗ್ಲಿಷ್ ಆಕಿಗೂ ಬರ್ತದ. ದೀಪ ಹಚ್ಚೋ ಹೊತ್ತಿನಾಗ ಆ ಮಾತು ಆಕಿ ಕೇಳಂಗಿಲ್ಲ.