ನಿಮ್ಮ ಜಾಸ್ಪರ್ ಲೇಖನ: ಮೊದಲ ಪುಟ ತೆಗೆಯಿರಿ

ನಮಸ್ಕಾರ. ಚಿತ್ರದುರ್ಗದಿಂದ ನೀವು ಕಳಿಸಿದ, ಜಾಸ್ಪರ್ ಅನ್ನುವ ಬಣ್ಣದ ಕಲ್ಲಿನ ಲೇಖನ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಬಿಟ್ಟುಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಪುಟದಲ್ಲಿ 'ಅದ್ಭುತ', 'ಮನಮೋಹಕ', 'ಪ್ರಕೃತಿಯ ಕುಂಚ' ಬಿಟ್ಟರೆ ಕಲ್ಲೇ ಇಲ್ಲ. ಪೂರ್ತಿ ತೆಗೆಯಿರಿ. ಕೋಟೆಯ ಬಂಡೆಗಳ ವರ್ಣನೆ ಚೆನ್ನಾಗಿದೆ, ಆದರೆ ಅವು ಗ್ರಾನೈಟ್, ಜಾಸ್ಪರ್ ಅಲ್ಲ. ಕೆಂಪು ಜಾಸ್ಪರ್ ಇಟ್ಟುಕೊಂಡರೆ ರಕ್ತ ಶುದ್ಧಿಯಾಗುತ್ತದೆ ಅನ್ನುವ ಮಾತಿಗೆ ಆಧಾರವಿಲ್ಲ, ಅದು ಬೇಡವೇ ಬೇಡ.

'ಲಾವಾ ತಣ್ಣಗಾಗಿ ಜಾಸ್ಪರ್ ಆಗುತ್ತದೆ' ಅಂದಿದ್ದೀರಿ. ಇದು ತಪ್ಪು. ಲಾವಾ ತಣ್ಣಗಾದರೆ ಬಸಾಲ್ಟ್‌ನಂಥ ಕಲ್ಲಾಗುತ್ತದೆ. ಜಾಸ್ಪರ್ ಹುಟ್ಟುವುದು ನೀರಿನಿಂದ. ನೀರಲ್ಲಿ ಕರಗಿದ ಸಿಲಿಕಾ (ಮರಳಿನಲ್ಲಿ ಹೆಚ್ಚಾಗಿರುವ ವಸ್ತು) ಕಲ್ಲಿನ ಬಿರುಕಿಗೋ ಜ್ವಾಲಾಮುಖಿಯ ಬೂದಿಗೋ ಇಳಿದು, ಇಲ್ಲವೇ ಸಮುದ್ರದ ತಳದಲ್ಲಿ ಪದರವಾಗಿ ಕೂತು, ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳಾಗಿ ಗಟ್ಟಿಯಾಗುತ್ತದೆ. ಜೊತೆಗೆ ಸೇರಿದ್ದೇ ಬಣ್ಣ ಕೊಡುವುದು: ಹೆಮಟೈಟ್ ಅನ್ನುವ ಕಬ್ಬಿಣದ ಖನಿಜ ಇದ್ದರೆ ಕೆಂಪು, ಗೋಥೈಟ್ ಅನ್ನುವ ಇನ್ನೊಂದು ಕಬ್ಬಿಣದ ಖನಿಜ ಇದ್ದರೆ ಹಳದಿ ಅಥವಾ ಕಂದು. ಈ ಬೆರಕೆ ಜಾಸ್ತಿ ಇರುವುದರಿಂದಲೇ ಬೆಳಕು ಕಲ್ಲಿನೊಳಗೆ ಹಾಯುವುದಿಲ್ಲ.

ನಿಮ್ಮ ಜಿಲ್ಲೆಯಲ್ಲೇ ಇದಕ್ಕೆ ಹೇಳಿಮಾಡಿಸಿದ ಜಾಗ ಇದೆಯಲ್ವಾ? ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ನೀರಿನಡಿ ಹರಿದು ಗಟ್ಟಿಯಾದದ್ದು. ಅಲ್ಲಿ ಒಂದು ಕಾಲಕ್ಕೆ ಸಮುದ್ರ ಇತ್ತು. ಚಿತ್ರದುರ್ಗದ ಶಿಸ್ಟ್ ಪಟ್ಟಿಯಲ್ಲಿ (ಹಳೆಯ ಶಿಲೆಗಳ ಉದ್ದನೆಯ ಪಟ್ಟಿ) ಕಬ್ಬಿಣದ ಪದರ, ಸಿಲಿಕಾದ ಪದರ ಒಂದರ ಮೇಲೊಂದು ಕೂತಿರುವ ಕಲ್ಲುಗಳಿವೆ, ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಇದನ್ನೆಲ್ಲ ಬಿಟ್ಟು ಮಡಗಾಸ್ಕರ್‌ನ ಜಾಸ್ಪರ್ ಬಗ್ಗೆ ಅರ್ಧ ಪುಟ ಬರೆದಿದ್ದೀರಿ.

ನನಗೆ ತುಂಬಾ ಹಿಡಿಸಿದ್ದು ಕೊನೆಯ ಪುಟದಲ್ಲಿ ಸುಮ್ನೆ ಹೇಳಿ ಮುಂದೆ ಹೋದ ಸಾಲು: 'ಮಂಕಾಗಿದ್ದ ಕಲ್ಲು ನೀರು ಬಿದ್ದ ಕೂಡಲೇ ಕೆಂಪಾಯಿತು.' ಲೇಖನ ಇಲ್ಲಿಂದಲೇ ಶುರುವಾಗಲಿ. ಯಾಕೆ ಕೆಂಪಾಯಿತು ಅಂತ ಓದುಗರಿಗೆ ಹೇಳಿ. ಒರಟು ಮೈಯ ಸಣ್ಣ ಸಣ್ಣ ತಗ್ಗುಗಳು ಬೆಳಕನ್ನು ದಿಕ್ಕುದಿಕ್ಕಿಗೆ ಚದುರಿಸುತ್ತವೆ, ಒಳಗಿನ ಬಣ್ಣದ ಮೇಲೆ ಬಿಳಿಚು ಮುಸುಕು ಬೀಳುತ್ತದೆ. ನೀರು ಆ ತಗ್ಗು ತುಂಬುತ್ತದೆ, ಮುಸುಕು ಹೋಗುತ್ತದೆ, ಒಣಗಿದರೆ ಮತ್ತೆ ಬರುತ್ತದೆ. ಪಾಲಿಶ್ ಆ ತಗ್ಗುಗಳನ್ನೇ ಸವೆಸಿಬಿಡುತ್ತದೆ. ಹೊಸ ಬಣ್ಣ ಏನೂ ಸೇರುವುದಿಲ್ಲ, ಇದ್ದದ್ದೇ ಕಾಣುತ್ತದೆ. ಉಜ್ಜಲು ಸಿಲಿಕಾನ್ ಕಾರ್ಬೈಡ್ ಅನ್ನುವ ಗಡಸು ಪುಡಿ, ದಪ್ಪದ್ದರಿಂದ ನುಣ್ಣನೆಯದಕ್ಕೆ, ಕೊನೆಗೆ ಹೊಳಪಿಗೆ ಸೀರಿಯಂ ಆಕ್ಸೈಡ್ ಪುಡಿ. ನಡುವೆ ಒಂದು ಹಂತ ಬಿಟ್ಟರೆ ಗೀರು ಕೊನೆಯಲ್ಲಿ ಎದ್ದು ಕಾಣುತ್ತದೆ. ಖನಿಜಗಳ ಗಡಸುತನ ಹೇಳುವ 1ರಿಂದ 10ರ ಮೋಸ್ (Mohs) ಅಳತೆಯಲ್ಲಿ ಜಾಸ್ಪರ್ 6.5ರಿಂದ 7, ಹಾಗಾಗಿ ಬಂದ ಹೊಳಪು ಬೇಗ ಹೋಗುವುದಿಲ್ಲ. ನೀರು ಹಾಕಿಯೇ ಉಜ್ಜಬೇಕು, ಸಿಲಿಕಾ ದೂಳು ಶ್ವಾಸಕೋಶ ಹಾಳುಮಾಡುತ್ತದೆ ಅಂತಲೂ ಸೇರಿಸಿ. ಓದಿದ ಹುಡುಗರು ನಾಳೆಯೇ ಕಲ್ಲು ಉಜ್ಜಲು ಕೂರುತ್ತಾರೆ.

ಎರಡು ಪುಟ ಸಾಕು. ಒಂದೇ ಕಲ್ಲಿನ ಎರಡು ಫೋಟೋ ಇರಲಿ, ಒರಟಾಗಿದ್ದಾಗಿನದು ಮತ್ತು ಪಾಲಿಶ್ ಆದ ಮೇಲಿನದು. ಅಳತೆಗೆ ಪಕ್ಕದಲ್ಲಿ ಒಂದು ನಾಣ್ಯ ಇಡಿ, ಕಲ್ಲು ಎಲ್ಲಿ ಸಿಕ್ಕಿತು ಅಂತ ಬರೆಯಿರಿ. ದಾವಣಗೆರೆ ಕಡೆ ಬಂದರೆ ಆ ಕಲ್ಲನ್ನೂ ತನ್ನಿ, ನೋಡಬೇಕು.