ಲಿಯಾನ್ ವುಡ್ ಮಾತುಗಳನ್ನು ಎಲ್ಲಿಂದ ಓದಲಿ?

ವೇಲ್ಸ್ ಸಂಸತ್ತಿನಲ್ಲಿ (ಅದರ ಹೆಸರು ಸೆನೆಡ್), ವೆಲ್ಶ್ ರಾಷ್ಟ್ರವಾದಿ ಪಕ್ಷ ಪ್ಲೈಡ್ ಕಮ್ರಿಯ ಮಾಜಿ ನಾಯಕಿ ಲಿಯಾನ್ ವುಡ್ ಆಡಿದ ಮಾತುಗಳನ್ನು ಎಲ್ಲಿಂದ ಓದಲು ಶುರು ಮಾಡಲಿ ಅಂತ ಕೇಳಿದ್ದೀರಿ. ನನ್ನ ಕೇಳಿದರೆ 2016ರ ಮೇ ತಿಂಗಳಿಂದ. ಮುಖ್ಯಮಂತ್ರಿ ಆಯ್ಕೆಯಲ್ಲಿ ಅವರಿಗೂ ಲೇಬರ್ ಪಕ್ಷದ ಕಾರ್ವಿನ್ ಜೋನ್ಸ್‌ಗೂ ತಲಾ 29 ಮತ ಬಂದವು. ಕನ್ಸರ್ವೇಟಿವ್ ಪಕ್ಷದವರೂ, ಬ್ರಿಟನ್ ಐರೋಪ್ಯ ಒಕ್ಕೂಟ ಬಿಡಬೇಕೆಂದ ಯುಕಿಪ್ ಪಕ್ಷದವರೂ ವುಡ್‌ಗೇ ಮತ ಹಾಕಿದ್ದರು. ಮುಂದಿನ ವಾರ ಪ್ಲೈಡ್ ಕಮ್ರಿ ಹಿಂದೆ ಸರಿದು ಜೋನ್ಸ್‌ಗೆ ದಾರಿ ಬಿಟ್ಟಿತು. ಆಗಿನ ಚರ್ಚೆ ಖಂಡಿತ ಓದಿ. ಸಣ್ಣ ವಿರೋಧ ಪಕ್ಷಕ್ಕೂ ಎಷ್ಟು ಬಲ ಇರುತ್ತದೆ ಅಂತ ಗೊತ್ತಾಗುತ್ತದೆ.

2004ರಲ್ಲಿ ಬ್ರಿಟನ್ ರಾಣಿ ಎಲಿಜಬೆತ್‌ರನ್ನು ಮನೆತನದ ಹೆಸರಿನಿಂದ 'ಮಿಸೆಸ್ ವಿಂಡ್ಸರ್' ಅಂದು ಸಭೆಯಿಂದ ಹೊರಹೋಗಬೇಕಾದ ಪ್ರಸಂಗವನ್ನೇ ಎಲ್ಲರೂ ಹೇಳುತ್ತಾರೆ. ಅದೊಂದರಿಂದ ಅವರನ್ನು ಅಳೆಯಬೇಡಿ. ಮಂಗಳವಾರದ ಮುಖ್ಯಮಂತ್ರಿ ಪ್ರಶ್ನೋತ್ತರದಲ್ಲಿ ಅವರ ಕೆಲಸ ಜಾಸ್ತಿ ಕಾಣುತ್ತದೆ. ಕಲಾಪದ ದಾಖಲೆ ಸೆನೆಡ್ ತಾಣದಲ್ಲೇ ಇದೆ. ವೆಲ್ಶ್ ಬರದಿದ್ದರೂ ಚಿಂತೆಯಿಲ್ಲ, ಇಂಗ್ಲಿಷ್ ಅನುವಾದ ಸಿಗುತ್ತದೆ.