ಗಂಜಿ ಕುಡಿದರೆ ಕೆಮ್ಮು, ದೋಸೆ ತಿಂದರೆ ಇಲ್ಲ, ಯಾಕೆ?

ಪ್ರಶ್ನೆ: ನನ್ನ ಮಗಳಿಗೆ 38 ವರ್ಷ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಗೊತ್ತಾಗಿ ಒಂಬತ್ತು ವರ್ಷವಾಯಿತು. ಈಚೆಗೆ ಚಹಾ, ನೀರು, ಗಂಜಿ ಕುಡಿಯುವಾಗ ನೆತ್ತಿಗೆ ಹತ್ತಿ ಕೆಮ್ಮುತ್ತಾಳೆ. ನೀರುದೋಸೆಯನ್ನು ಗಸಿಯಲ್ಲಿ ನೆನೆಸಿ ಕೊಟ್ಟರೆ ಅಷ್ಟು ತೊಂದರೆಯಿಲ್ಲ. ಹಗುರವಾಗಿರಲಿ ಎಂದು ಮೂರು ಹೊತ್ತೂ ಕುಚ್ಚಲಕ್ಕಿ ಗಂಜಿಯನ್ನೇ ಕೊಡುತ್ತಿದ್ದೇವೆ. ಕೆಮ್ಮಿಗೆ ಹೆದರಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಾಳೆ. ಆರು ತಿಂಗಳಲ್ಲಿ 52 ಕೆ.ಜಿ.ಯಿಂದ 46ಕ್ಕೆ ಇಳಿದಿದ್ದಾಳೆ. ಹೊಟ್ಟೆಗೆ ಕೊಳವೆ ಹಾಕಿಸಬೇಕಾದೀತೇ?
– ಒಬ್ಬ ತಾಯಿ, ಕಾಪು

ಉತ್ತರ: ಅಮ್ಮಾ, ಮೊದಲು ಗಂಜಿಯ ವಿಷಯ ಹೇಳುತ್ತೇನೆ. ನುಂಗುವ ತೊಂದರೆಗೆ ಚಿಕಿತ್ಸೆ ಕೊಡುವ ನನ್ನ ಬಳಿ ಬರುವ ಮನೆಯವರಲ್ಲಿ ಹೆಚ್ಚಿನವರು ನಂಬಿರುವುದು ಗಂಜಿಯನ್ನೇ. ಆದರೆ ನಿಮ್ಮ ಮಗಳಿಗೆ ಅತಿ ಕಷ್ಟದ ಊಟ ಅದೇ ಇರಬಹುದು. ಬಾಯಿಯಲ್ಲಿ ಅಗುಳನ್ನು ಜಗಿಯುತ್ತಿರುವಾಗಲೇ ತಿಳಿ ಗಂಟಲಿಗೆ ಜಾರಿಬಿಡುತ್ತದೆ. ನುಂಗುವ ಕ್ಷಣಕ್ಕೆ ಶ್ವಾಸನಾಳದ ಬಾಯಿ ಮುಚ್ಚಬೇಕು. ಈ ಕಾಯಿಲೆಯಲ್ಲಿ ನರಗಳ ಮೇಲಿನ ಮಯಲಿನ್ ಪದರ ಹಾಳಾಗುವುದರಿಂದ ಮೆದುಳಿನ ಸೂಚನೆ ತಡವಾಗಿ ತಲುಪುತ್ತದೆ, ಅಷ್ಟರಲ್ಲಿ ತಿಳಿ ಒಳಗೆ ಇಳಿದಿರುತ್ತದೆ. ಚಹಾ, ನೀರು, ಬೊಂಡದ ನೀರು ಎಲ್ಲದರದ್ದೂ ಇದೇ ಕಥೆ. ನೆನೆದ ನೀರುದೋಸೆ ಒಂದೇ ಹದದಲ್ಲಿ ನಿಧಾನವಾಗಿ ಇಳಿಯುತ್ತದೆ.

ಆದ್ದರಿಂದ ಗಂಜಿ ಬಿಡಬೇಡಿ, ಹದ ಬದಲಿಸಿ. ಅಗುಳನ್ನೂ ತಿಳಿಯನ್ನೂ ಒಟ್ಟಿಗೆ ನುಣ್ಣಗೆ ರುಬ್ಬಿ, ಚಮಚದಲ್ಲಿ ನಿಲ್ಲುವಷ್ಟು ದಪ್ಪ ಮಾಡಿ. ಬೆಂದ ಹೆಸರುಬೇಳೆ, ದಪ್ಪ ತೆಂಗಿನಹಾಲು, ಒಂದು ಚಮಚ ತುಪ್ಪ ಸೇರಿಸಿ. ಬರಿಯ ಗಂಜಿಯಲ್ಲಿ ನೀರೇ ಹೆಚ್ಚು. ಅವಳ ತೂಕ ಇಳಿದದ್ದಕ್ಕೆ ಅದೂ ಒಂದು ಕಾರಣ. ಆರು ತಿಂಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ತೂಕ ಹೋಗುವುದು ಸಣ್ಣ ಮಾತಲ್ಲ. ಸೋಸಿದ ರಾಗಿಹಾಲಿನ ಮಣ್ಣಿಯನ್ನು ಗಟ್ಟಿ ಕಟ್ಟದಂತೆ ಮೆತ್ತಗೆ ಮಾಡಿ ಕೊಡಿ. ಮೀನು ತಿನ್ನುವವರಾದರೆ ಅಂಜಲ್ ಬೇಯಿಸಿ, ಮುಳ್ಳು ತೆಗೆದು, ಗಸಿಯಲ್ಲಿ ಕಿವುಚಿ ಕೊಡಿ. ಸಣ್ಣ ಮುಳ್ಳು ಹೆಚ್ಚಿರುವ ಬೂತಾಯಿ ಸದ್ಯಕ್ಕೆ ಬೇಡ. ಒಣ ರೊಟ್ಟಿಯೂ ಬೇಡ, ಅದರ ಪುಡಿ ಗಂಟಲಲ್ಲಿ ಚದುರುತ್ತದೆ.

ಹೊತ್ತೂ ಮುಖ್ಯ. ಸಂಜೆಗೆ ಅವಳು ದಣಿದಿರುತ್ತಾಳೆ, ನಮ್ಮ ಸೆಕೆಗೆ ಈ ಕಾಯಿಲೆಯ ಲಕ್ಷಣಗಳು ಇನ್ನಷ್ಟು ಹೆಚ್ಚುತ್ತವೆ. ದೊಡ್ಡ ಊಟ ಬೆಳಿಗ್ಗೆಯೇ ಆಗಲಿ, ಉಳಿದದ್ದನ್ನು ಸ್ವಲ್ಪ ಸ್ವಲ್ಪವಾಗಿ ಫ್ಯಾನಿನ ಕೆಳಗೆ ಕೊಡಿ. ನೆಟ್ಟಗೆ ಕೂತು ಉಣ್ಣಲಿ, ಉಂಡ ಮೇಲೂ ಅರ್ಧ ಗಂಟೆ ಮಲಗದಿರಲಿ. ತುತ್ತು ಸಿಕ್ಕಿಕೊಂಡಾಗ ಮೇಲಿಂದ ನೀರು ಹೊಯ್ಯಬೇಡಿ.

ನೀರು ಬಿಟ್ಟರೆ ಮಲಬದ್ಧತೆ, ಮೂತ್ರದ ಸೋಂಕು ಬರುತ್ತವೆ. ಸೋಂಕಿನ ಜ್ವರಕ್ಕೆ ಕೈಕಾಲಿನ ಬಲವೂ ಕುಗ್ಗಬಹುದು. ನೀರನ್ನು ದಪ್ಪ ಮಾಡುವ ಪುಡಿ ಸಿಗುತ್ತದೆ, ಆದರೆ ಅದು ಬೇಕೇ, ಎಷ್ಟು ದಪ್ಪ ಬೇಕು ಎಂಬುದನ್ನು ಪರೀಕ್ಷೆ ಮಾಡಿಯೇ ತಿಳಿಯಬೇಕು. ಬೇರಿಯಂ ಬೆರೆಸಿದ ಆಹಾರ ನುಂಗಿಸಿ ತೆಗೆಯುವ ಎಕ್ಸ್‌ರೇ ವಿಡಿಯೋ ಇದೆ. ಮೂಗಿನಿಂದ ತೆಳು ಕ್ಯಾಮೆರಾ ಇಳಿಸಿ ನೋಡುವ ವಿಧಾನವೂ ಇದೆ. ಗದ್ದ ಎದೆಗೆ ತಾಗಿಸಿ ನುಂಗುವ ಉಪಾಯವನ್ನೂ ಪರೀಕ್ಷೆಯ ಮೊದಲು ಮಾಡಿಸಬೇಡಿ, ಎಲ್ಲರಿಗೂ ಅದು ಹೊಂದುವುದಿಲ್ಲ. ಮಂಗಳೂರು, ಮಣಿಪಾಲದಲ್ಲಿ ನುಂಗುವ ತೊಂದರೆಯನ್ನೂ ನೋಡುವ ವಾಕ್ ಚಿಕಿತ್ಸಕರಿದ್ದಾರೆ. ನಿಮ್ಮ ನರರೋಗ ತಜ್ಞರಿಂದ ಚೀಟಿ ಪಡೆದು ಈ ವಾರವೇ ಹೋಗಿ.

ಕೆಮ್ಮು ನಿಂತಿತೆಂದು ನಿಶ್ಚಿಂತರಾಗಬೇಡಿ. ಗಂಟಲಿನ ಸ್ಪರ್ಶ ಮಂಕಾದರೆ ಆಹಾರ ಶ್ವಾಸಕೋಶಕ್ಕೆ ಇಳಿದರೂ ಕೆಮ್ಮು ಬರುವುದಿಲ್ಲ. ಉಂಡ ಮೇಲೆ ಗೊರಗೊರ ಸ್ವರ, ಮತ್ತೆ ಮತ್ತೆ ಜ್ವರ, ಕಫ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಹಲ್ಲು, ನಾಲಗೆ ದಿನಕ್ಕೆರಡು ಬಾರಿ ಶುಚಿಯಾಗಲಿ. ಬಾಯಿಯ ರೋಗಾಣು ಎಂಜಲಿನ ಜೊತೆ ಶ್ವಾಸಕೋಶ ಸೇರಿದರೆ ನ್ಯುಮೋನಿಯಾ ಆಗುತ್ತದೆ.

ಕೊಳವೆಯ ತೀರ್ಮಾನವನ್ನು ಪರೀಕ್ಷೆಗೆ ಮೊದಲೇ ಮಾಡಬೇಡಿ. ಹದ ಬದಲಿಸಿದ ಮೇಲೂ ತೂಕ ಇಳಿಯುತ್ತಿದ್ದರೆ, ನ್ಯುಮೋನಿಯಾ ಮರುಕಳಿಸಿದರೆ ಆ ಮಾತು ಬರುತ್ತದೆ. ಕೊಳವೆ ಹಾಕಿಸಿಕೊಂಡವರಲ್ಲಿ ಅನೇಕರು ರುಚಿಗೆ ನಾಲ್ಕು ಚಮಚ ಬಾಯಿಯಿಂದಲೂ ತಿನ್ನುತ್ತಾರೆ. ಆಗಲೂ ಸಂಬಂಧಿಕರಿಗಿಂತ ಮೊದಲು ಮಗಳನ್ನು ಕೇಳಿ.